ರಾಜಹಕ್ಕಿಯ ಜಾತಕ

ಗಂಡನಿಗೆ ಕುಡಿತದ ಚಟವಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಂಡು ಅಳಬಹುದು. ಇಸ್ಪೀಟಿನ ಚಟವಿದ್ದರೆ ಮುನಿಸಿಕೊಂಡು ತವರಿಗೆ ಹೋಗಿ ಕೂರಬಹುದು. ಹಕ್ಕಿಗಳ ಫೋಟೋ ತೆಗೆಯುವ ಚಟವಿದ್ದರೆ ಹೆಂಡತಿಯಾದವಳು ಏನು ಮಾಡಬೇಕೆಂದು ಮಾತ್ರ ಯಾವ ಹಿರಿಯರೂ ಹೇಳಿಹೋಗಿಲ್ಲ ಎಂಬುದು ಬೇಲೂರಿನ ಕೋಮಲವಲ್ಲಿಯವರ ದೂರು. ಹೇಳಿಕೊಂಡರೂ ಯಾರೂ ಕಣ್ಣೀರು ಹಾಕುವುದಿಲ್ಲ. "ಅಯ್ಯೋ, ಎಂಥಾ ಸಾಧು ಮನುಷ್ಯ!" ಎಂದು ಗಂಡನನ್ನೇ ಹೊಗಳಿ, ಇವರು ಕೊಟ್ಟ ಕಾಫಿಯನ್ನೇ ಕುಡಿದು ಎದ್ದು ಹೋಗುತ್ತಾರೆ.

ಆ ಸಾಧು ಮನುಷ್ಯ, ಸುಂದರರಾಜರು, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ತೊಂಬತ್ತೇಳನೇ ಇಸವಿಯವರೆಗೂ ಅವರಲ್ಲಿ ನಶ್ಯ ಬಿಟ್ಟರೆ ಬೇರೆ ದುರ್ಗುಣವಿರಲಿಲ್ಲ. ಆ ವರ್ಷ ಮೈಸೂರಿನ ಸ್ನೇಹಿತರೊಬ್ಬರು ಒಂದು ಹಳೇ ಕ್ಯಾಮೆರಾ ಮತ್ತು ಪಡವಲಕಾಯಿಯಷ್ಟು ಉದ್ದದ ಲೆನ್ಸನ್ನು ಇವರ ಕೊರಳಿಗೆ ಕಟ್ಟಿದರು. ಅಂದಿನಿಂದ ಭಾನುವಾರ ಬೆಳಗಾದರೆ ಸುಂದರರಾಜರು ಹಳೇಬೀಡಿನ ಕೆರೆಯ ಕೆಸರಿನಲ್ಲೋ ಬಿಕ್ಕೋಡಿನ ಕಾಫಿ ತೋಟದ ಬೇಲಿಯಲ್ಲೋ ಅಂತರ್ಧಾನರಾಗತೊಡಗಿದರು. ಮಧ್ಯಾಹ್ನ ಮನೆಗೆ ಬರುತ್ತಿದ್ದುದು ಸುಂದರರಾಜರಲ್ಲ, ಅಂಟುಪುರಲೆ ಮೆತ್ತಿದ ಒಂದು ಜೊತೆ ಪ್ಯಾಂಟು ಷರಟು. ಅದನ್ನು ಬಿಡಿಸುತ್ತಾ ಕೂರುವ ಪುಣ್ಯ ಕೋಮಲಮ್ಮನವರದು.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಹಿಂದಿನ ವರ್ಷ ಹಳೇಬೀಡಿನಲ್ಲಿ ತಮ್ಮನ ಮಗಳ ನಿಶ್ಚಿತಾರ್ಥ. "ಫೋಟೋ ಜವಾಬ್ದಾರಿ ನಮ್ಮ ಭಾವಂದು" ಎಂದು ತಮ್ಮ ನಂಬಿಕೊಂಡಿದ್ದ. ಉಂಗುರ ತೊಡಿಸುವ ಹೊತ್ತಿಗೆ ಸರಿಯಾಗಿ ಚಪ್ಪರದ ಕಂಬಕ್ಕೆ ಮರಕುಟುಕವೊಂದು ಬಂದು ಅಂಟಿಕೊಂಡಿತು. ಇವತ್ತಿಗೂ ಆ ಆಲ್ಬಮ್ಮಿನಲ್ಲಿ ಮರಕುಟುಕ ಎಡದಿಂದ, ಬಲದಿಂದ, ಹಿಂದಿನಿಂದ, ಕತ್ತು ಓರೆ ಮಾಡಿ, ಹೀಗೆ ಹನ್ನೊಂದು ಭಂಗಿಗಳಲ್ಲಿದೆ. ಮದುವಣಗಿತ್ತಿಯದು ಬಲಗೈಯ ಕಿರುಬೆರಳು ಮಾತ್ರ, ಒಂದು ಫೋಟೋದ ಮೂಲೆಯಲ್ಲಿ. (ತಮ್ಮನ ಹೆಂಡತಿ ಈಗಲೂ ಕೋಮಲಮ್ಮನವರ ಜೊತೆ "ಬಂದ್ರಾ, ಕೂತ್ಕೊಳ್ಳಿ" ಎಂಬ ಎರಡು ಮಾತಿನ ಮೇಲೆ ಆಡುವುದಿಲ್ಲ.)

ಹೀಗಿರುವಾಗ, ತೊಂಬತ್ತೊಂಬತ್ತರ ಫೆಬ್ರವರಿಯಲ್ಲಿ, ಮಗಳು ಮೇಧಿನಿಗೆ ಅರಸೀಕೆರೆಯಿಂದ ಒಂದು ಸಂಬಂಧ ಬಂತು. ಮೇಧಿನಿ ಬಿ.ಎಡ್. ಮುಗಿಸಿ ಹಳೇಬೀಡಿನ ಶಾಲೆಯೊಂದಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಪಾಠ ಹೇಳಿ ಬರುತ್ತಿದ್ದಳು. ಹುಡುಗ ವೇದಾಂತ್‌ಗೆ ಅರಸೀಕೆರೆಯಲ್ಲೇ ಬ್ಯಾಂಕಿನಲ್ಲಿ ಕೆಲಸ. ತಂದೆ ಸಂಪತ್ಕುಮಾರರು ರಿಟೈರಾದ ಸ್ಟೇಷನ್ ಮಾಸ್ಟರು. ಒಳ್ಳೇ ಮನೆತನ. ಜಾತಕ ಮತ್ತು ಹುಡುಗಿಯ ಫೋಟೋ ಕಳಿಸಿ ಎಂದು ಅವರೇ ಹೇಳಿ ಕಳಿಸಿದ್ದರು.

"ಮೇಧಿನಿನ ಸ್ಟುಡಿಯೋಗೆ ಕರ್ಕೊಂಡು ಹೋಗಿ ಬರ್ತೀನಿ" ಎಂದರು ಕೋಮಲಮ್ಮ.

ಸುಂದರರಾಜರು ಲೆನ್ಸು ಒರೆಸುತ್ತಿದ್ದವರು ತಲೆಯೆತ್ತಿದರು. "ಸ್ಟುಡಿಯೋಗಾ? ಮನೇಲಿ ನಾನಿರುವಾಗ?"

"ನೀವಿದ್ದೀರಿ ಅಂತಲೇ ಹೋಗೋದು."

"ಒಂದು ನಿಮಿಷ ಒಂದು ಕಡೆ ಕೂರದ ಹಕ್ಕಿಗಳನ್ನೇ ಹಿಡಿದಿದ್ದೀನಿ ಕಣೇ. ನಿಂತ ಕಡೆ ನಿಲ್ಲೋ ಮಗಳನ್ನ ಹಿಡಿಯೋದು ಕಷ್ಟವೇನೇ? ಸ್ಟುಡಿಯೋದವನು ಏನು ಮಾಡ್ತಾನೆ, ಹಿಂದೆ ಒಂದು ಜಲಪಾತದ ಪರದೆ ಇಳಿಬಿಡ್ತಾನೆ. ನಾನು ನೈಸರ್ಗಿಕ ಆವಾಸದಲ್ಲಿ ತೆಗೀತೀನಿ."

ನೈಸರ್ಗಿಕ ಆವಾಸವೆಂದರೆ ಹಿತ್ತಲ ಸೀಬೆಮರದ ಬುಡ. ಮೇಧಿನಿ ರೇಷ್ಮೆ ಸೀರೆಯುಟ್ಟು ಅಲ್ಲಿ ನಿಂತಳು. ಆ ಪಡವಲಕಾಯಿ ಲೆನ್ಸಿಗೆ ಹತ್ತಿರದ್ದು ಕಾಣುವುದಿಲ್ಲವಾಗಿ ಸುಂದರರಾಜರು ಮೂವತ್ತು ಅಡಿ ಆಚೆ, ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಬೋರಲು ಮಲಗಿದರು.

"ಶ್! ಅಲ್ಲಾಡಬೇಡ" ಎಂದು ಅಲ್ಲಿಂದಲೇ ಪಿಸುಗುಟ್ಟಿದರು.

"ಅಪ್ಪಾ, ನಾನೇನು ಹಾರಿಹೋಗಲ್ಲ."

"ಸುಮ್ನಿರು. ಕತ್ತು ಸ್ವಲ್ಪ ಎಡಕ್ಕೆ. ಬೆದರಬೇಡ."

ಹಾಸನದಿಂದ ಫೋಟೋಗಳು ತೊಳೆಸಿಕೊಂಡು ಬಂದಾಗ ಮೂವತ್ತಾರರಲ್ಲಿ ಮೇಧಿನಿಯವು ಮೂರಿದ್ದವು. ಉಳಿದ ಮೂವತ್ತಮೂರೂ ಊರ ಕೆರೆ ವಿಷ್ಣುಸಮುದ್ರದ ಏರಿಯ ಹುಣಸೆಮರದಲ್ಲಿ ಸುಂದರರಾಜರು ಕಂಡುಹಿಡಿದಿದ್ದ ಒಂದು ರಾಜಹಕ್ಕಿಯವು. ರಾಜಹಕ್ಕಿಯ ಗಂಡಿಗೆ ಮೊಳದುದ್ದದ ಬಾಲ, ಹೆಣ್ಣಿಗೆ ಮೋಟು ಬಾಲ. ಇದಕ್ಕೆ ಮೋಟು ಬಾಲವಿತ್ತು. ಆದ್ದರಿಂದ ಹೆಣ್ಣು. ಸುಂದರರಾಜರು ಪ್ರತಿಯೊಂದು ಹಕ್ಕಿ ಫೋಟೋದ ಬೆನ್ನಿಗೂ ಶಾಯಿಯಲ್ಲಿ ವಿವರ ಬರೆದಿಡುವ ಶಿಸ್ತಿನವರು. ಅಂದೂ ಬರೆದು, ಶಾಯಿ ಆರಲೆಂದು ಮೇಜಿನ ತುಂಬ ಬೋರಲು ಹರವಿ ಕಚೇರಿಗೆ ಹೋದರು.

ಟಪ್ಪಾಲು ಕಟ್ಟುವ ಹೊತ್ತಾಗುತ್ತಿತ್ತು. ಗಂಡನನ್ನು ನಂಬಿದರೆ ಜಾತಕ ಮುಂದಿನ ಸಂವತ್ಸರಕ್ಕೆ ಅರಸೀಕೆರೆ ಸೇರುತ್ತದೆಂದು ಕೋಮಲಮ್ಮ ತಾವೇ ಕವರು ತಂದಿದ್ದರು. ಕನ್ನಡಕ ದೇವರ ಮನೆಯ ಗೂಡಿನಲ್ಲಿತ್ತು, ಸ್ನಾನವಾಗಿರಲಿಲ್ಲವಾದ್ದರಿಂದ ಒಳಗೆ ಹೋಗುವಂತಿರಲಿಲ್ಲ. ಮೇಜಿನ ಮೇಲೆ ಬಗ್ಗಿ ನೋಡಿದರು. ಎಲ್ಲವೂ ಬೋರಲು. ತಿರುಗಿಸಿದರೆ ಹಸಿ ಶಾಯಿ ಒರೆಸಿಹೋಗಿ, ಅದಕ್ಕೊಂದು ರಾಮಾಯಣವಾಗುತ್ತದೆ. ಅಷ್ಟರಲ್ಲಿ ಒಂದರ ಬೆನ್ನಿನ ಮೇಲೆ ದಪ್ಪಕ್ಷರದಲ್ಲಿ "ಹೆಣ್ಣು. ಬೇಲೂರು" ಎಂದಿದ್ದುದು ಕನ್ನಡಕವಿಲ್ಲದ ಕಣ್ಣಿಗೂ ಕಂಡಿತು. ಪರವಾಗಿಲ್ಲ, ಮಗಳ ಫೋಟೋ ಅಂತ ಬರೆದಿಡುವಷ್ಟಾದರೂ ಜವಾಬ್ದಾರಿ ಬಂತಲ್ಲ ಎಂದುಕೊಂಡು, ಅದನ್ನು ಹಾಗೆಯೇ ಎತ್ತಿ, ಜಾತಕದ ಮಡಿಕೆಯೊಳಗಿಟ್ಟು, ಕವರಿನ ಮೂಲೆಗೆ ಅರಿಶಿನ ಹಚ್ಚಿ ಡಬ್ಬಕ್ಕೆ ಹಾಕಿ ಬಂದರು.

ಹೀಗೆ ಅರಸೀಕೆರೆಗೆ ಮೇಧಿನಿಯ ಜಾತಕದ ಜೊತೆ ಹೋದದ್ದು ಹುಣಸೆಮರದ ರಾಜಹಕ್ಕಿ. ಅದರ ಬೆನ್ನಿನ ಮೇಲಿನ ಸಣ್ಣಕ್ಷರದ ಒಕ್ಕಣೆ ಹೀಗಿತ್ತು: "ಮೈಬಣ್ಣ ಇಟ್ಟಿಗೆ ಕೆಂಪು. ತಲೆಯ ಮೇಲೆ ಜುಟ್ಟು. ದನಿ ಕರ್ಕಶ. ಒಂದು ಕಡೆ ಕೂರುವ ಸ್ವಭಾವವಿಲ್ಲ. ನೊಣ, ಹುಳು ಹಿಡಿದು ತಿನ್ನುತ್ತದೆ. ಮೂರು ದಿನದಿಂದ ಇದೇ ಮರದಲ್ಲಿ ಒಂದು ಗಂಡಿನ ಸಂಗಡ ಕಾಣಿಸಿಕೊಳ್ಳುತ್ತಿದೆ."

ಒಂಬತ್ತನೇ ದಿನ ಉತ್ತರ ಬಂತು. ಕವರಲ್ಲಿ ಬಂದಿದ್ದರೆ ಮಾನ ಉಳಿಯುತ್ತಿತ್ತು. ಬಂದದ್ದು ಕಾರ್ಡು. ಕಾರ್ಡನ್ನು ಮೊದಲು ಓದುವ ಹಕ್ಕು ಪೋಸ್ಟ್‌ಮ್ಯಾನ್ ಮರಿಯಣ್ಣನದು, ಎರಡನೆಯ ಹಕ್ಕು ಎದುರು ಮನೆಯ ಅನುಸೂಯಮ್ಮನವರದು ಎಂಬುದು ಆ ಬೀದಿಯ ಅಲಿಖಿತ ಕಾನೂನು. ಅನುಸೂಯಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

"ಅರಸೀಕೆರೆಯಿಂದ ಬಂದೈತೆ ಕಣಮ್ಮೋ, ಸಂಬಂಧದ ಕಾಗ್ದ!" ಎಂದು ಮರಿಯಣ್ಣ ಬೀದಿಯ ತುದಿಯಿಂದಲೇ ಸಾರಿದ.

ಕೋಮಲಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದರು. "ಏನು ಬರ್ದಿದ್ದಾರೆ ಓದಪ್ಪ, ಕೈ ಹಿಟ್ಟಾಗಿದೆ."

ಮರಿಯಣ್ಣ ಗಂಟಲು ಸರಿಮಾಡಿಕೊಂಡ. "ಉಭಯ ಕುಶಲೋಪರಿ. ತಾವು ಕಳಿಸಿದ ಜಾತಕ, ಫೋಟೋ ತಲುಪಿದವು. ಜಾತಕ ಚೆನ್ನಾಗಿ ಕೂಡಿಬರುತ್ತದೆ. ಸಂತೋಷ."

"ಪೆರುಮಾಳೇ!" ಎಂದು ಕೋಮಲಮ್ಮ ಹಿಟ್ಟಿನ ಕೈಯನ್ನೇ ಮುಗಿದರು.

"ಆದರೆ ತಾವು ಹೆಣ್ಣು ಎಂದು ಬರೆದಿರುವುದು ಹೆಣ್ಣಲ್ಲ." ಮರಿಯಣ್ಣ ನಿಂತ. ಕಾರ್ಡನ್ನು ಕಣ್ಣಿನ ಹತ್ತಿರ ತಂದುಕೊಂಡ. "ಗಂಡು."

ಅನುಸೂಯಮ್ಮನವರ ಕೈಯಿಂದ ಅವರೆಕಾಳು ಉರುಳಿ ಚರಂಡಿಗೆ ಬಿತ್ತು.

"ಏನಂದೆ?"

"ನಾನೇನಂದೇನು ತಾಯಿ, ಬರ್ದಿರೋದು ಹಂಗೈತೆ. 'ಗಂಟಲು ನೋಡಿದ ಕೂಡಲೇ ನನಗೆ ತಿಳಿಯಿತು. ಎಳೆಯದಾದ್ದರಿಂದ ತಮಗೆ ಗೊತ್ತಾಗಿಲ್ಲ. ತಪ್ಪೇನೂ ಇಲ್ಲ, ಬಹಳ ಜನ ಹೀಗೆ ಮೋಸಹೋಗುತ್ತಾರೆ. ವಯಸ್ಸಿಗೆ ಬಂದ ಮೇಲೆ ಬಾಲ ಮೊಳದುದ್ದ ಬೆಳೆಯುತ್ತದೆ. ಮೈ ಬೆಳ್ಳಗಾಗುತ್ತದೆ. ಇತಿ, ಸಂಪತ್ಕುಮಾರ್.'" ಮರಿಯಣ್ಣ ಕಾರ್ಡನ್ನು ತಿರುಗಿಸಿ ನೋಡಿದ. ಸಮಾಧಾನವೇನಾದರೂ ಹೇಳಬೇಕೆನಿಸಿತೇನೋ. "ಬೆಳ್ಳಗಾಯ್ತಾರೆ ಅಂತ ಬರ್ದವ್ರೆ ಬಿಡಿ, ಅದೊಂದು ಒಳ್ಳೇದು" ಎಂದು ಕಾರ್ಡನ್ನು ಹೊಸಿಲ ಮೇಲಿಟ್ಟು ಸೈಕಲ್ ಹತ್ತಿದ.

ಸಂಜೆ ಸುಂದರರಾಜರು ಬಂದಾಗ ಕೋಮಲಮ್ಮ ಕಾರ್ಡನ್ನು ಹಿಡಿದು ಬಾಗಿಲಲ್ಲೇ ನಿಂತಿದ್ದರು. ಕಣ್ಣು ಕೆಂಪಾಗಿತ್ತು.

"ನೋಡಿ! ನಮ್ಮ ಮಗಳಿಗೆ ಬಾಲ ಬೆಳೆಯುತ್ತಂತೆ! ಇಂಥಾ ಮಾತು ಆಡಿದೋರ ಮನೆ ಬಾಗಿಲಿಗೆ ಹೋಗಿ ನೀವು ಈಗಲೇ ಕೇಳ್ಕೊಂಡು ಬರ್ಬೇಕು!"

ಸುಂದರರಾಜರು ಓದಿದರು. ಮೇಜಿನ ಹತ್ತಿರ ಹೋಗಿ ಫೋಟೋಗಳನ್ನು ಎಣಿಸಿದರು. ಮೇಧಿನಿಯವು ಮೂರೂ ಅಲ್ಲೇ ಇದ್ದವು. ರಾಜಹಕ್ಕಿ ಒಂದು ಕಡಿಮೆ. ಅವರ ಮುಖ ಇಟ್ಟಿಗೆ ಬಣ್ಣಕ್ಕೆ ತಿರುಗಿತು.

"ಕೋಮ್ಲೂ, ನೀನು ಕಳಿಸಿರೋದು ನನ್ನ ರಾಜಹಕ್ಕೀನ."

ಕೋಮಲಮ್ಮನವರಿಗೆ ಅರ್ಥವಾಗಲು ಅರ್ಧ ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ತಪ್ಪು ಯಾರದೆಂಬ ಬಗ್ಗೆ ಅವರಿಗೆ ಎಳ್ಳಷ್ಟೂ ಸಂಶಯ ಉಳಿಯಲಿಲ್ಲ. "ಹಕ್ಕಿ ಬೆನ್ನ ಮೇಲೆ ಹೆಣ್ಣು ಅಂತ ಬರೆಯೋದು ಯಾವ ಊರಿನ ಮರ್ಯಾದೆ? ಹೆತ್ತ ಮಗಳ ಬೆನ್ನ ಮೇಲೆ ಒಂದಕ್ಷರ ಬರೀಲಿಲ್ಲ ನೀವು!"

"ತಿರುಗಿಸಿ ನೋಡೋಕೇನಾಗಿತ್ತು ನಿನಗೆ?"

"ತಿರುಗಿಸಿದ್ರೆ ಶಾಯಿ ಒರೆಸಿಹೋಯ್ತು ಅಂತ ಮೂರು ದಿನ ಮೂತಿ ತಿರುಗಿಸ್ತಿದ್ರಿ!"

ಒಳಗಿನಿಂದ ಮೇಧಿನಿಯ ನಗು ಕೇಳಿಸಿತು. ಫೋಟೋದ ಬೆನ್ನಿನ ಮೇಲೆ ಏನೇನು ಬರೆದಿತ್ತೆಂದು ಅಪ್ಪನ ಬಾಯಿಂದ ಹೇಳಿಸಿದ ಮೇಲೆ ಆ ನಗು ಕೆಮ್ಮಾಗಿ, ಕೆಮ್ಮು ಬಿಕ್ಕಳಿಕೆಯಾಯಿತು. ಕೋಮಲಮ್ಮ ಮಾತ್ರ "ಗಂಡಿನ ಸಂಗಡ ಮೂರು ದಿನ" ಎಂಬಲ್ಲಿಗೆ ಬರುತ್ತಲೇ ಗೋಡೆ ಹಿಡಿದು ಕುಳಿತರು.

"ಹೋಗ್ಲಿ, ಈಗ ತಪ್ಪಾಯ್ತು ಅಂತ ಬರೆದು, ಒಂದು ಕವರಿನಲ್ಲಿ ಮೇಧಿನಿ ಫೋಟೋ ಇಟ್ಟು ಕಳಿಸಿ" ಎಂದರು, ಕೂತಲ್ಲಿಂದಲೇ.

"ತಪ್ಪಾ?" ಸುಂದರರಾಜರ ಮೀಸೆ ಅದುರಿತು. "ತಪ್ಪು ಅವರದು. ಮೂರು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿದೋನು ನಾನು. ಅರಸೀಕೆರೆಯಲ್ಲಿ ಕೂತು ಗಂಟಲು ನೋಡ್ದೆ, ಗಂಡು ಅಂದ್ರೆ? ಮೊದಲು ಇದು ಇತ್ಯರ್ಥ ಆಗ್ಲಿ, ಮದುವೆ ಮಾತು ಆಮೇಲೆ."

ಆವತ್ತೇ ಅವರೊಂದು ಕಾರ್ಡು ಬರೆದು ಹಾಕಿದರು: "ತಾವು ತಿಳಿದಂತಲ್ಲ. ಹೆಣ್ಣೇ. ಹತ್ತಿರದಿಂದ ನೋಡಿದ್ದೇನೆ." ಮರಿಯಣ್ಣ ಅದನ್ನು ಡಬ್ಬದಿಂದ ತೆಗೆಯುವಾಗಲೇ ಓದಿ, ಬೀದಿಗೆ ವರದಿ ಒಪ್ಪಿಸಿದ.

ಮರುದಿನ ಅನುಸೂಯಮ್ಮ ಒಂದು ಬಟ್ಟಲು ಅವರೆಕಾಳಿನ ನೆಪ ಮಾಡಿಕೊಂಡು ಒಳಗೆ ಬಂದರು. ಆಚೆ ಈಚೆ ನೋಡಿ, ದನಿ ತಗ್ಗಿಸಿ, "ನಮ್ಮ ಮೇಧಿನಿನ ಹಾಸನದಲ್ಲಿ ದೊಡ್ಡ ಡಾಕ್ಟ್ರಿಗೆ ತೋರಿಸಿದ್ರಾ?" ಎಂದರು.

"ರೀ ಅನುಸೂಯಮ್ಮ, ಅದು ಹಕ್ಕಿ ಕಣ್ರೀ! ನಮ್ಮೋರು ತೆಗೆದ ಹಕ್ಕಿ ಫೋಟೋ ತಪ್ಪಿ ಹೋಗಿದೆ. ಅವರು ಬರೆದಿರೋದು ಹಕ್ಕಿ ವಿಷಯ!"

ಅನುಸೂಯಮ್ಮ ಕರುಣೆಯಿಂದ ಕೋಮಲಮ್ಮನವರ ಕೈ ಹಿಡಿದುಕೊಂಡರು. "ಇರಬಹುದು. ಆದ್ರೆ ಜಾತಕ ಕೂಡಿಬಂತು ಅಂತಾನೂ ಬರೆದಿದ್ರಲ್ಲ. ಹಕ್ಕಿಗೆ ಜಾತಕ ಎಲ್ಲಾದ್ರೂ ಇರುತ್ತಾ?"

ಕೋಮಲಮ್ಮ ಅವರೆಕಾಳಿನ ಬಟ್ಟಲನ್ನು ಅವರ ಕೈಗೇ ವಾಪಸ್ಸು ತುರುಕಿದರು. ಇಂಥ ತರ್ಕ ಕೇಳಿದರೆ ಅವರಿಗೆ ಸಿಟ್ಟು ಬರುತ್ತದೆ. ಆ ಸಿಟ್ಟು ಇಳಿಯುವ ಮೊದಲೇ, ವಾರದೊಳಗೆ, ಅರಸೀಕೆರೆಯಿಂದ ಎರಡನೆಯ ಕಾರ್ಡು ಬಂತು: "ಬರುವ ಭಾನುವಾರ ಖುದ್ದಾಗಿ ಬಂದು ನೋಡಿ ತೀರ್ಮಾನಿಸುತ್ತೇನೆ. ಮನೆಯವರೂ ಮಗನೂ ಜೊತೆಯಲ್ಲಿ ಬರುತ್ತಾರೆ."

"ನೋಡ್ತಾ ಇರಿ" ಎಂದು ಕೋಮಲಮ್ಮ ಬೀದಿಯಲ್ಲಿ ನಿಂತೇ ಪ್ರತಿಜ್ಞೆ ಮಾಡಿದರು. "ಭಾನುವಾರ ಆ ಮಹಾರಾಯರ ಬಾಯಿಂದಲೇ ಹೆಣ್ಣು ಅಂತ ಹೇಳಿಸದಿದ್ರೆ ನಾನು ಕೋಮಲವಲ್ಲಿಯೇ ಅಲ್ಲ!" ಹಕ್ಕಿಯ ಹೆಣ್ತನಕ್ಕೂ ಮಗಳ ಮಾನಕ್ಕೂ ಅವರ ಮನಸ್ಸಿನಲ್ಲಿ ಯಾವಾಗ ಗಂಟು ಬಿತ್ತೋ ಅವರಿಗೇ ತಿಳಿಯದು.

ಭಾನುವಾರ ಹನ್ನೊಂದರ ಬಸ್ಸಿಗೆ ಅರಸೀಕೆರೆಯವರು ಬಂದರು. ಸಂಪತ್ಕುಮಾರರು ತೆಳ್ಳಗೆ, ಎತ್ತರಕ್ಕೆ, ಕತ್ತಿನಲ್ಲಿ ಶಲ್ಯದ ಬದಲು ದುರ್ಬೀನು. ಅವರ ಹೆಂಡತಿ ರಂಗನಾಯಕಿ ದುಂಡಗೆ, ದಣಿದ ಮುಖದವರು. ವೇದಾಂತ್ ದೃಢಕಾಯದ ಹುಡುಗ, ಒಳಗೆ ಬರುತ್ತಲೇ ಅಡುಗೆಮನೆಯ ಕಡೆಯಿಂದ ಬಂದ ಬೋಂಡಾದ ವಾಸನೆಗೆ ಕತ್ತು ತಿರುಗಿಸಿದ.

ಕೋಮಲಮ್ಮ ಚಾಪೆ ಹಾಸಿದರು. ಸಂಪತ್ಕುಮಾರರು ಕೂರಲಿಲ್ಲ.

"ಎಲ್ಲಿ? ಯಾವ ಮರ?"

"ವಿಷ್ಣುಸಮುದ್ರದ ಏರಿ. ಹುಣಸೆಮರ" ಎಂದರು ಸುಂದರರಾಜರು. ಅವರು ಆಗಲೇ ಕ್ಯಾಮೆರಾ ಹೆಗಲಿಗೇರಿಸಿದ್ದರು.

"ಮೊದಲು ಹುಡುಗೀನ ನೋಡಿ, ಸ್ವಲ್ಪ ಕೇಸರಿಬಾತು..." ಎಂದು ಕೋಮಲಮ್ಮ ಎನ್ನುವಷ್ಟರಲ್ಲಿ, "ಹತ್ತೇ ನಿಮಿಷ, ಬಿಸಿಲೇರಿದ್ರೆ ಸಿಗಲ್ಲ" ಎಂದು ಇಬ್ಬರೂ ಮೆಟ್ಟಿಲಿಳಿದಾಗಿತ್ತು. ಯುದ್ಧಕ್ಕೆ ಹೊರಟವರಂತೆ ಒಬ್ಬರ ಮುಖ ಒಬ್ಬರು ನೋಡದೆ ಬೀದಿಯುದ್ದಕ್ಕೂ ದಾಪುಗಾಲು ಹಾಕಿದರು.

ಹತ್ತು ನಿಮಿಷ ಅರ್ಧ ಗಂಟೆಯಾಯಿತು. ಅರ್ಧ ಗಂಟೆ ಒಂದೂವರೆ ಗಂಟೆಯಷ್ಟಾಯಿತು. ಕೇಸರಿಬಾತು ತಣ್ಣಗಾಗಿ ತಟ್ಟೆಯ ಆಕಾರವನ್ನೇ ತಾಳಿತು. ಮೇಧಿನಿ ಕಾಫಿಯನ್ನು ಎರಡು ಸಲ ಬಿಸಿ ಮಾಡಿದಳು.

"ನೀವು ಬೇಜಾರು ಮಾಡ್ಕೋಬೇಡಿ" ಎಂದರು ರಂಗನಾಯಕಿ. "ನನಗೆ ಇದು ಮೂವತ್ತು ವರ್ಷದ ಅಭ್ಯಾಸ. ಇವನು ಹುಟ್ಟಿದ ದಿನ ಆಸ್ಪತ್ರೆಗೆ ಬಂದೋರು ಮೊದಲು ನೋಡಿದ್ದು ಕಿಟಕಿ ಮೇಲಿದ್ದ ಪಾರಿವಾಳದ ಮರೀನ. 'ಕಣ್ಣು ಬಿಟ್ಟಿದೆ ಕಣೇ' ಅಂದ್ರು. ನಾನು ಮಗು ಅಂದ್ಕೊಂಡೆ."

"ಫೋಟೋ ನೋಡಿ ನೀವು ಏನಂದ್ಕೊಂಡ್ರೋ..."

"ನಾನು ನೋಡಿದ್ದು ಮೊದಲು ಹಿಂದುಗಡೇನೇ. ನೊಣ ತಿನ್ನುತ್ತೆ ಅಂತಿತ್ತು. ತಲೆ ತಿರುಗಿ ಬೀಳೋದೊಂದು ಬಾಕಿ. ಇವರು ಮಾತ್ರ ಕುಣಿದಾಡಿಬಿಟ್ರು. ಎಂಥಾ ರಸಿಕರು, ಜಾತಕದ ಜೊತೆ ಹಕ್ಕಿ ಕಳಿಸಿದ್ದಾರೆ, ಹುಡುಗಿ ಫೋಟೋ ಹಿಂದೆಯೇ ಬರುತ್ತೆ ಅಂತ."

ಕೋಮಲಮ್ಮನವರಿಗೆ ಆ ಹೆಂಗಸಿನ ಮೇಲೆ ಪ್ರೀತಿ ಉಕ್ಕಿತು. ಅದರ ಎರಡರಷ್ಟು ಸಿಟ್ಟು ಏರಿಯ ಮೇಲಿದ್ದ ಇಬ್ಬರ ಮೇಲೆ ಉಕ್ಕಿತು. "ಇರಿ, ಕರ್ಕೊಂಡು ಬರ್ತೀನಿ" ಎಂದು ಸೆರಗು ಸಿಕ್ಕಿಸಿ ಹೊರಟರು.

ಏರಿಯ ಮೇಲೆ ಅವರಿಗೆ ಕಂಡದ್ದು ನಾಲ್ಕು ಅಂಗಾಲುಗಳು. ಇಬ್ಬರು ಗೌರವಸ್ಥರೂ ಹುಲ್ಲಿನಲ್ಲಿ ಅಕ್ಕಪಕ್ಕ ಬೋರಲು ಮಲಗಿದ್ದರು. ಬರುವಾಗ ಮುಖ ನೋಡದವರು ಈಗ ಒಂದೇ ದುರ್ಬೀನನ್ನು ಕೈಯಿಂದ ಕೈಗೆ ದಾಟಿಸಿಕೊಳ್ಳುತ್ತಿದ್ದರು. ಕೋಮಲಮ್ಮನವರ ಹೆಜ್ಜೆ ಸದ್ದಿಗೆ ಇಬ್ಬರೂ ಒಟ್ಟಿಗೆ "ಶ್!" ಎಂದರು.

ಸುಂದರರಾಜರು ಹೆಂಡತಿಯ ಕಡೆ ತಿರುಗಿದರು. ಮೊಮ್ಮಗ ಹುಟ್ಟಿದ ಸುದ್ದಿ ಹೇಳುವವರ ಹಾಗೆ ಅವರ ಮುಖ ಅರಳಿತ್ತು. "ಗಂಡು ಕಣೇ!"

"ಏನಂದ್ರಿ?"

"ಅವರು ಹೇಳಿದ್ದೇ ಸರಿ. ಹೆಣ್ಣಾಗಿದ್ರೆ ಗಂಟಲು ಬೂದಿ ಬಣ್ಣ ಇರ್ಬೇಕು. ಇದರದ್ದು ಕಪ್ಪು. ಎಳೇ ಗಂಡು. ಬಾಲ ಇನ್ನೂ ಬಂದಿಲ್ಲ ಅಷ್ಟೆ."

"ಒಪ್ಕೊಂಡುಬಿಟ್ರಾ? ಹದಿನೈದು ದಿನ ಹೆಣ್ಣು ಹೆಣ್ಣು ಅಂತ ಕಾರ್ಡು ಬರೆದು, ಬೀದಿಗೆಲ್ಲ ನನ್ನ ಬಾಯಿಂದ ಹೇಳಿಸಿ, ಈಗ ಹುಲ್ಲಲ್ಲಿ ಮಲಕ್ಕೊಂಡು ಒಪ್ಕೊಂಡ್ರಾ?"

ಸಂಪತ್ಕುಮಾರರು ಎದ್ದು ಕುಳಿತು ದುರ್ಬೀನನ್ನು ಮರ್ಯಾದೆಯಿಂದ ಮುಂದೆ ಚಾಚಿದರು. "ಕೋಪ ಮಾಡ್ಕೋಬೇಡಿ ತಾಯಿ. ತಾವೇ ಒಂದು ಸಲ ಗಂಟಲು ನೋಡಿ."

"ಗಂಟಲು ನಿಮ್ಮನೇದು ನೋಡ್ಕೊಳ್ಳಿ!" ಕೋಮಲಮ್ಮನವರ ದನಿ ಕೆರೆಯ ಆಚೆ ದಡ ಮುಟ್ಟಿತು. "ಹೆಣ್ಣು ಅಂದ್ರೆ ಹೆಣ್ಣೇ! ಒಂಬತ್ತು ತಿಂಗಳು ಹೊತ್ತೋಳು ನಾನು, ನನಗೆ ಗೊತ್ತಿಲ್ವಾ?"

"ಹಕ್ಕೀನ?" ಎಂದರು ಸಂಪತ್ಕುಮಾರರು.

ಹುಣಸೆಮರದಿಂದ ಒಂದು ಕೆಂಪು ಗೆರೆ ಹಾರಿ ಕೆರೆಯಾಚೆಯ ತೆಂಗಿನ ತೋಪಿನಲ್ಲಿ ಮರೆಯಾಯಿತು. ಸಂಪತ್ಕುಮಾರರು ಅದು ಹೋದ ದಿಕ್ಕನ್ನೇ ನೋಡಿದರು. ಆಮೇಲೆ ನಿಧಾನವಾಗಿ ಎದ್ದು ಪಂಚೆ ಕೊಡವಿದರು.

"ಗಂಡು ಅಂದಿದ್ದಕ್ಕೆ ನನ್ನನ್ನ ಏನು ಬೇಕಾದ್ರೂ ಅನ್ನಿ, ಸಹಿಸ್ಕೋತೀನಿ. ಕಿರುಚಿ ಹಕ್ಕೀನ ಎಬ್ಬಿಸೋ ಮನೆಯ ಸಂಬಂಧ ನಮಗೆ ಬೇಡ. ನಾನು ಒಂದೂವರೆ ಬಸ್ಸಿಗೆ ಹೊರಟೆ. ಮನೆಯವರಿಗೆ ಹೇಳಿಬಿಡಿ."

"ಹೋಗಿ! ನಮಗೂ ಬೇಡ! ನಮ್ಮ ಹುಡುಗಿಗೇನು ಗಂಡಿನ ಬರವೇ?"

ಸಂಪತ್ಕುಮಾರರು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಸುಂದರರಾಜರು "ಹಕ್ಕಿ ಮತ್ತೆ ಬರಬಹುದು, ಈಗ ಬೆಳಕು ಚೆನ್ನಾಗಿದೆ" ಎಂದು ಮತ್ತೆ ಬೋರಲಾದರು. ಕೋಮಲಮ್ಮ ಮನೆಯ ಕಡೆ ತಿರುಗಿದರು. ದಾರಿಯುದ್ದಕ್ಕೂ, ರಂಗನಾಯಕಿಯವರಿಗೆ ಹೇಳಬೇಕಾದ ಮಾತನ್ನು ಮೊಂಡು ಮಾಡದೆ, ಚೂಪು ಕೆಡದಂತೆ ಮನಸ್ಸಿನಲ್ಲೇ ಮಸೆಯುತ್ತ ಬಂದರು.

ಬಾಗಿಲಲ್ಲಿ ಕಾಲಿಟ್ಟರೆ ನಡುಮನೆಯಲ್ಲಿ ಬೇರೆಯೇ ನೋಟ. ಮೇಧಿನಿ ಮಣೆಯ ಮೇಲೆ ಕುಳಿತಿದ್ದಳು. ರಂಗನಾಯಕಿ ತಮ್ಮ ಮುಡಿಯ ಮಲ್ಲಿಗೆಯಲ್ಲಿ ಅರ್ಧ ತೆಗೆದು ಅವಳ ಜಡೆಗೆ ಮುಡಿಸಿ, ಹಣೆಗೆ ಕುಂಕುಮ ಇಡುತ್ತಿದ್ದರು. ವೇದಾಂತ್ ಖಾಲಿ ಬೋಂಡಾ ತಟ್ಟೆಯ ಮುಂದೆ ತೃಪ್ತ ಮುಖದಿಂದ ಕೂತಿದ್ದ.

"ಬನ್ನಿ ಬೀಗಿತ್ತಿ!" ಎಂದರು ರಂಗನಾಯಕಿ. "ದೊಡ್ಡೋರು ಬರೋ ಹಾಗೆ ಕಾಣಲಿಲ್ಲ, ಇವರಿಬ್ಬರೇ ಮಾತಾಡಿಕೊಂಡ್ರು. 'ನಿಮಗೂ ಹಕ್ಕಿ ಹುಚ್ಚಾ?' ಅಂತ ನಿಮ್ಮ ಮಗಳು ಕೇಳಿದ್ಲು. 'ನನಗೆ ಗೊತ್ತಿರೋದು ಕಾಗೆ, ಗುಬ್ಬಿ ಎರಡೇ' ಅಂದ ಇವನು. 'ಸದ್ಯ!' ಅಂದ್ಲು. ಇಷ್ಟು ಕೂಡಿ ಬಂದ ಮೇಲೆ ಇನ್ನೇನು ನೋಡೋದು? ನನ್ನ ಮನೆಗೆ ಹಕ್ಕಿ ನೋಡದ ಸೊಸೆ ಬರ್ಲಿ ಅಂತ ಹರಕೆ ಹೊತ್ತಿದ್ದೆ ಕಣ್ರೀ. ಎಲ್ಲಿ ನಮ್ಮೋರು?"

ಮೇಧಿನಿ ತಲೆಯೆತ್ತಿ ಅಮ್ಮನನ್ನು ನೋಡಿದಳು. ಆ ಕಣ್ಣಿನಲ್ಲಿ ಅಪರೂಪಕ್ಕೆ ನಗುವಿರಲಿಲ್ಲ, ಸ್ವಲ್ಪ ಹೆದರಿಕೆಯಿತ್ತು. ಹುಡುಗ ಅವಳಿಗೆ ಒಪ್ಪಿಗೆಯಾಗಿದ್ದಾನೆಂದು ಹೆತ್ತವಳಿಗೆ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಕೋಮಲಮ್ಮ ಮಸೆದು ತಂದಿದ್ದ ಮಾತನ್ನು ಹಾಗೆಯೇ ಒರೆಗೆ ಸೇರಿಸಿದರು. "ಬಸ್... ಬಸ್ ಸ್ಟ್ಯಾಂಡಲ್ಲಿ" ಎಂದರು.

ರಂಗನಾಯಕಿಯವರ ಮುಖ ಬಾಡಿತು. "ಮುನಿಸ್ಕೊಂಡ್ರಾ? ಹಾಗಾದ್ರೆ ಬೇಗ ಹೋಗಿ. ಹಠದೋರು. ಇಲ್ಲೇ ಇದ್ರೆ ಹೇಗೋ ಸರಿ ಮಾಡಬಹುದು. ಒಂದು ಸಲ ಬಸ್ಸಿನಲ್ಲಿ ಹೊರಟುಬಿಟ್ರೆ ಆಮೇಲೆ ಬ್ರಹ್ಮ ಬಂದ್ರೂ ಮನಸ್ಸು ತಿರುಗಿಸಲ್ಲ."

ಬೇಲೂರಿನಲ್ಲಿ ನಲವತ್ತೆಂಟು ವರ್ಷದ ಗೃಹಿಣಿಯೊಬ್ಬರು ರೇಷ್ಮೆ ಸೀರೆಯಲ್ಲಿ, ನಡು ಮಧ್ಯಾಹ್ನ, ದೇವಸ್ಥಾನದ ಬೀದಿಯಿಂದ ಬಸ್ ಸ್ಟ್ಯಾಂಡಿನವರೆಗೆ ಓಡಿದ್ದನ್ನು ಅಂದು ಬಹಳ ಜನ ನೋಡಿದರು. ಅರಸೀಕೆರೆಯ ಬಸ್ಸು ಎಂಜಿನ್ ಚಾಲೂ ಮಾಡಿಕೊಂಡು ನಿಂತಲ್ಲೇ ನಡುಗುತ್ತಿತ್ತು. ಮುಂದಿನ ಕಿಟಕಿಯಲ್ಲಿ ಸಂಪತ್ಕುಮಾರರು ದುರ್ಬೀನನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕುಳಿತಿದ್ದರು.

"ಇಳೀರಿ ಬೀಗರೇ" ಎಂದರು ಕೋಮಲಮ್ಮ ಏದುಸಿರು ಬಿಡುತ್ತಾ. "ಮನೇಲಿ ಹೂ ಮುಡಿಸಿ ಆಯ್ತು. ಹುಡುಗ ಹುಡುಗಿ ಒಪ್ಪಿದ್ದಾರೆ. ನಿಮ್ಮದೊಂದು ಬಾಕಿ."

"ನಾನು ಹೇಳಿದ್ದು ತಪ್ಪು ಅಂದ್ರಲ್ಲ ತಾವು."

"ಕೋಪದಲ್ಲಿ ಅಂದೆ. ಇಳೀರಿ."

"ಹಾಗಾದ್ರೆ ಹೇಳಿ. ಹೆಣ್ಣೋ, ಗಂಡೋ?"

ಕೋಮಲಮ್ಮ ಸುತ್ತ ನೋಡಿದರು. ಕಡಲೆಕಾಯಿ ಮಾರುವವಳು, ಆಟೋದವರು, ಕಂಡಕ್ಟರು ಎಲ್ಲರೂ ನೋಡುತ್ತಿದ್ದರು. "ಗಂಡು" ಎಂದರು, ತುಟಿ ಅಲುಗದಂತೆ.

"ಏನು? ಎಂಜಿನ್ ಸದ್ದಿಗೆ ಕೇಳಿಸ್ಲಿಲ್ಲ."

"ಅಮ್ಮಾ, ಹತ್ತೋದಾದ್ರೆ ಹತ್ತಿ, ಟೈಮಾಯ್ತು" ಎಂದು ಕಂಡಕ್ಟರು ಸೀಟಿ ಊದಿದ. ಬಸ್ಸು ಒಂದು ಮಾರು ಮುಂದೆ ಜರುಗಿತು. ಅದರ ಜೊತೆ ಮಗಳ ಬಾಳೂ ಜರುಗಿಹೋಗುತ್ತಿರುವಂತೆ ಕೋಮಲಮ್ಮನವರಿಗೆ ಕಂಡಿತು. ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದು, ಇದ್ದ ದನಿಯನ್ನೆಲ್ಲ ಒಟ್ಟುಗೂಡಿಸಿ ಕೂಗಿದರು:

"ಗಂಡು ಕಣ್ರೀ, ಗಂಡು! ನೀವು ಬರೆದಿದ್ದೇ ಸರಿ! ಇಷ್ಟು ದಿನ ಬೀದಿಗೆಲ್ಲ ಹೆಣ್ಣು ಅಂತ ಹೇಳ್ಕೊಂಡು ಓಡಾಡಿದ್ದು ನನ್ನದೇ ತಪ್ಪು! ಒಪ್ಪಿದೆ, ಸಾಕಾ? ಇಳಿದು ಬಂದು ಮದುವೆ ಮಾಡ್ಕೊಳ್ಳಿ!"

ಕಂಡಕ್ಟರನ ಬಾಯಿಂದ ಸೀಟಿ ಜಾರಿತು. ಸಂಪತ್ಕುಮಾರರ ಮುಖ ಮಾತ್ರ ಹುಣ್ಣಿಮೆಯಾಯಿತು. "ಅಷ್ಟು ಹೇಳಿದ್ರಲ್ಲ, ಸಾಕು ಬೀಗಿತ್ತಿ. ಜ್ಞಾನಕ್ಕಿಂತ ದೊಡ್ಡದು ಯಾವುದೂ ಇಲ್ಲ" ಎಂದು ಪಂಚೆ ಎತ್ತಿಕೊಂಡು ಇಳಿದರು.

ಅವರು ಎದ್ದ ಸೀಟಿನ ಹಿಂದಿನ ಸೀಟು ಆಗ ಕಾಣಿಸಿತು. ಅಲ್ಲಿ, ಮಾದಿಹಳ್ಳಿಯ ತಂಗಿಯ ಮನೆಗೆ ಹೊರಟಿದ್ದ ಅನುಸೂಯಮ್ಮ, ಬ್ಯಾಗನ್ನು ಎದೆಗವುಚಿಕೊಂಡು ಕುಳಿತಿದ್ದರು. ಅವರ ಕಣ್ಣಿನಲ್ಲಿ ನೀರಾಡುತ್ತಿತ್ತು.

"ಅನುಸೂಯಮ್ಮ, ಅದು..." ಎಂದರು ಕೋಮಲಮ್ಮ.

ಅನುಸೂಯಮ್ಮ ಕಿಟಕಿಯಿಂದ ಕೈ ಚಾಚಿ ಅವರ ತಲೆ ಸವರಿದರು. "ಏನೂ ಹೇಳಬೇಡಿ. ಇಷ್ಟು ದಿನ ಒಬ್ಬರೇ ಮನಸ್ಸಲ್ಲಿಟ್ಕೊಂಡು ಎಷ್ಟು ನೊಂದ್ರೋ. ಬಿಡಿ, ಗಂಡು ಮಕ್ಕಳಿಲ್ಲ ಅಂತ ಕೊರಗ್ತಿದ್ರಲ್ಲ, ಪೆರುಮಾಳು ಕಣ್ಣು ಬಿಟ್ಟ ಅಂದ್ಕೊಳ್ಳಿ."

ಕಂಡಕ್ಟರು ಸೀಟಿ ಊದಿದ. ಬಸ್ಸಿನ ತುಂಬ ಜನ ಕತ್ತು ಚಾಚಿ ಅನುಸೂಯಮ್ಮನವರ ಕಡೆ ಬಗ್ಗುತ್ತಿದ್ದುದು ಕೋಮಲಮ್ಮನವರಿಗೆ ಕಾಣುತ್ತಿತ್ತು. ಅರಸೀಕೆರೆಯವರೆಗೆ ಕೈ ತೋರಿಸಿದ ಊರಿನಲ್ಲೆಲ್ಲ ನಿಲ್ಲುವ ಬಸ್ಸು ಅದು.